ಡೇಟಾಬೇಸ್ ಫೋಲ್ಡರ್ ಒಂದನ್ನೇ ತಂದರೆ ಸಾಲದು

ಪ್ರಶ್ನೆ: ಮಾಟುಂಗದಲ್ಲಿ ನಮ್ಮ ಹೋಟೆಲ್. ಬಿಲ್ಲಿಂಗ್ ಕಂಪ್ಯೂಟರ್ ಕೆಟ್ಟಿತು. ಅದರಲ್ಲಿ ವಿಂಡೋಸ್, ಬಿಲ್ಲುಗಳನ್ನು ಇಡುವ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ 5.7 ಇತ್ತು. ಡಿಸ್ಕ್‌ನಿಂದ ನಮ್ಮ ಡೇಟಾಬೇಸ್ ಹೆಸರಿನ ಫೋಲ್ಡರ್ ಕಾಪಿ ಮಾಡಿ ಹೊಸದಕ್ಕೆ ಹಾಕಿದೆ. ಟೇಬಲ್ ಹೆಸರು ಕಾಣಿಸುತ್ತದೆ, ತೆರೆದರೆ ‘ಟೇಬಲ್ ಇಲ್ಲ’ ಎನ್ನುತ್ತದೆ.

ಉತ್ತರ: ಹಳೇ ಡಿಸ್ಕ್ ಇದೆ ತಾನೇ? ಯಾರೂ ಫಾರ್ಮ್ಯಾಟ್ ಮಾಡದಂತೆ ಮೊದಲು ಎತ್ತಿಡಿ. ಡೊಂಬಿವಲಿ, ಠಾಣೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ತಪ್ಪೂ ಅದೇ, ಬೇಜಾರಾಗುತ್ತದೆ.

ನೀವು ತಂದ ಫೋಲ್ಡರ್‌ನಲ್ಲಿ .frm (ಎಫ್‌ಆರ್‌ಎಂ) ಫೈಲಿನಲ್ಲಿ ಟೇಬಲ್‌ನ ರಚನೆ ಇರುತ್ತದೆ. ಹೆಸರು ಕಾಣುವುದು ಅದರಿಂದ. ಬಿಲ್ಲುಗಳು ಇರುವುದು .ibd (ಐಬಿಡಿ) ಫೈಲಿನಲ್ಲಿ. ಯಾವ ಐಬಿಡಿ ಯಾವ ಟೇಬಲ್‌ನದು ಎಂಬ ದಾಖಲೆ ಐಬಿಡೇಟಾ1 (ibdata1) ಎಂಬ ಫೈಲಿನಲ್ಲಿದೆ. ಅದು ನಿಮ್ಮ ಫೋಲ್ಡರ್‌ನ ಹೊರಗೆ ಇರುತ್ತದೆ. ಉಗ್ರಾಣದ ಮೂಟೆಗಳನ್ನೆಲ್ಲ ತಂದಿರಿ, ದಾಸ್ತಾನು ಪುಸ್ತಕ ಬಿಟ್ಟು ಬಂದಿರಿ.

ಸಿ ಡ್ರೈವ್‌ನ ಪ್ರೋಗ್ರಾಂಡೇಟಾ ಒಳಗೆ ಮೈಎಸ್‌ಕ್ಯೂಎಲ್‌ನ ‘ಡೇಟಾ’ ಫೋಲ್ಡರ್ ಇರುತ್ತದೆ. ಪ್ರೋಗ್ರಾಂಡೇಟಾ ಸುಮ್ನೆ ನೋಡಿದರೆ ಕಾಣುವುದಿಲ್ಲ, ಅಡಗಿಸಿದ ಫೋಲ್ಡರ್ ಅದು. ‘ಡೇಟಾ’ ಪೂರ್ತಿ ತನ್ನಿ. ಪಕ್ಕದ ಮೈ ಡಾಟ್ ಐಎನ್‌ಐ (my.ini, ಸೆಟ್ಟಿಂಗ್‌ಗಳ ಫೈಲು) ಕೂಡ ಬೇಕು. ಇನ್ನೊಂದು ಡಿಸ್ಕ್‌ಗೆ ಅದರದೇ ಕಾಪಿ ಮಾಡಿಡಿ, ಪ್ರಯೋಗ ಏನಿದ್ದರೂ ಕಾಪಿಯ ಮೇಲೆ. ಹೊಸ ಕಂಪ್ಯೂಟರ್‌ಗೂ 5.7 ಅನ್ನೇ ಹಾಕಿ, 8.0 ಬೇಡ. ಮೈಎಸ್‌ಕ್ಯೂಎಲ್ ಸರ್ವಿಸ್ ನಿಲ್ಲಿಸಿ, ಅದರ ‘ಡೇಟಾ’ ತೆಗೆದು ಹಳೆಯದನ್ನು ಇಟ್ಟು ಶುರು ಮಾಡಿ. ಪಾಸ್‌ವರ್ಡೂ ಹಳೆಯದೇ ನಡೆಯುತ್ತದೆ.

ಸರ್ವರ್ ಏಳದಿದ್ದರೆ ಮೈ ಡಾಟ್ ಐಎನ್‌ಐನಲ್ಲಿ ಇನ್ನೋಡಿಬಿ ಫೋರ್ಸ್ ರಿಕವರಿ (innodb_force_recovery, ಕೆಟ್ಟ ಡೇಟಾ ಇದ್ದರೂ ಬಲವಂತವಾಗಿ ಏಳಿಸುವ ಸೆಟ್ಟಿಂಗ್) 1 ಎಂದು ಕೊಡಿ. ಆಗಲಿಲ್ಲವೇ, 2, ಆಮೇಲೆ 3. ಎದ್ದ ತಕ್ಷಣ ಮೈಎಸ್‌ಕ್ಯೂಎಲ್‌ಡಂಪ್ (ಡೇಟಾವನ್ನೆಲ್ಲ ಒಂದು ಫೈಲಿಗೆ ಬರೆದುಕೊಡುವ ಉಪಕರಣ) ಬಳಸಿ ಡಂಪ್ ತೆಗೆದು ಹೊಸ ಸರ್ವರ್‌ಗೆ ತುಂಬಿ. 4ರಿಂದ ಮೇಲಕ್ಕೆ ಡೇಟಾ ಶಾಶ್ವತವಾಗಿ ಹಾಳಾಗಬಹುದು. ಮೊದಲ ಸಲಕ್ಕೇ 6 ಹಾಕುವ ‘ರಿಪೇರಿಯವರ’ ಕೈಗೆ ಡಿಸ್ಕ್ ಕೊಡಬೇಡಿ, ದಯವಿಟ್ಟು.

ಐಬಿಡೇಟಾ1 ನಾಶವೇ ಆಗಿದ್ದರೆ? ಸಾಫ್ಟ್‌ವೇರ್ ಕೊಟ್ಟವರಿಂದ ಖಾಲಿ ಟೇಬಲ್‌ಗಳ ರಚನೆ ಕೇಳಿ ಪಡೆಯಿರಿ. ಟೇಬಲ್ ಹುಟ್ಟಿಸಿ, ಡಿಸ್ಕಾರ್ಡ್ ಟೇಬಲ್‌ಸ್ಪೇಸ್ ಆಜ್ಞೆ ಕೊಟ್ಟು ಅದರ ಖಾಲಿ ಐಬಿಡಿ ತೆಗೆಸಿ, ಹಳೇ ಐಬಿಡಿ ಇಟ್ಟು, ಅದನ್ನು ಟೇಬಲ್‌ಗೆ ಜೋಡಿಸಲು ಇಂಪೋರ್ಟ್ ಟೇಬಲ್‌ಸ್ಪೇಸ್ ಕೊಡಬೇಕು. ಒಂದೊಂದೇ ಟೇಬಲ್‌ಗೆ ಹೀಗೆ ಮಾಡಬೇಕು. ರಚನೆ ಒಂದು ಕಾಲಂ ತಪ್ಪಿದರೂ ಆಗುವುದಿಲ್ಲ. ಕೆಲಸ ಜಾಸ್ತಿ, ಆದರೆ ಬಿಲ್ಲುಗಳು ಸಿಗುತ್ತವೆ.

ಪ್ರಶ್ನೆ: ‘ಡೇಟಾ’ ಫೋಲ್ಡರ್‌ನ ಐಬಿ ಲಾಗ್‌ಫೈಲ್ (ib_logfile) ಅಳಿಸಿದರೆ ಸರ್ವರ್ ಏಳುತ್ತದಂತೆ, ಹೌದಾ?

ಉತ್ತರ: ಅಳಿಸಬೇಡಿ. ಐಬಿಡಿಗೆ ಇನ್ನೂ ಇಳಿಯದ ಕೊನೆಯ ಬಿಲ್ಲುಗಳು ಅದರಲ್ಲೇ ಇರುತ್ತವೆ.

ಪ್ರಶ್ನೆ: ಪುಣೆಯ ನಮ್ಮ ಅಂಗಡಿಯಲ್ಲಿ ಸರ್ವರ್ ಓಡುತ್ತಿರುವಾಗಲೇ ದಿನಾ ರಾತ್ರಿ ಫೋಲ್ಡರ್ ಕಾಪಿ ಮಾಡುತ್ತೇನೆ. ಸಾಕಲ್ವಾ?

ಉತ್ತರ: ಸಾಲದು. ಓಡುತ್ತಿರುವಾಗ ಫೈಲುಗಳು ಬದಲಾಗುತ್ತಲೇ ಇರುತ್ತವೆ, ಕಾಪಿ ಒಂದಕ್ಕೊಂದು ಹೊಂದದೆ ಹೋಗಬಹುದು. ಇವತ್ತಿನಿಂದ ಮೈಎಸ್‌ಕ್ಯೂಎಲ್‌ಡಂಪ್ ತೆಗೆಯಿರಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ಗೆ ಅದನ್ನು ತುಂಬಿ, ಒಂದು ಹಳೇ ಬಿಲ್ ತೆರೆದು ನೋಡಿ.