ಮದ್ರಾಸಿನ ಪ್ಲೇಟ್ ಇದ್ದ ಮಾತ್ರಕ್ಕೆ ಗಾಡಿ ಬೋಗಸ್ ಅಲ್ಲ

ಅಣ್ಣ, ಸುಂಟಿಕೊಪ್ಪದ ತೋಟದ ಶೆಡ್ಡಲ್ಲಿ ಸಿಕ್ಕಿದ ಆಸ್ಟಿನ್ ಎ40 ಡೆವನ್ ಕಾರಿನ ಫೋಟೊ ನೋಡ್ದೆ. ಬಾನೆಟ್ ಒಳಗೆ ಮದ್ರಾಸಿನ ಅಶೋಕ್ ಮೋಟಾರ್ಸ್ ಪ್ಲೇಟ್ ಇದೆ, ಹಾಗಾದ್ರೆ ಇದು ಅಸಲಿ ಇಂಗ್ಲೆಂಡಿನ ಗಾಡಿ ಅಲ್ವೇನೋ ಅಂತ ಕೇಳಿದ್ದೀರಿ. ಗಾಡಿ ಅಸಲಿಯೇ. ಭಾಗಗಳು ಇಂಗ್ಲೆಂಡಿನಿಂದ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬಂದು, ಮದ್ರಾಸಿನ ಹತ್ತಿರ ಎನ್ನೋರಿನಲ್ಲಿದ್ದ ಅಶೋಕ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕಾರಾದವು. ಇದಕ್ಕೇ ಸಿಕೆಡಿ (ಕಂಪ್ಲೀಟ್ಲಿ ನಾಕ್ಡ್ ಡೌನ್, ಅಂದ್ರೆ ಪೂರ್ತಿ ಬಿಡಿಬಿಡಿಯಾಗಿ) ಅನ್ನೋದು. ಪೂರ್ತಿ ಕಾರು ತಂದರೆ ಹಡಗಲ್ಲಿ ಜಾಗ ಜಾಸ್ತಿ, ಸುಂಕವೂ ಜಾಸ್ತಿ. ಜನರಲ್ ಮೋಟಾರ್ಸ್ ಬೊಂಬಾಯಿಯ ಸೇವ್ರಿಯಲ್ಲಿ 1928ರಲ್ಲೇ ಜೋಡಣೆ ಶುರು ಮಾಡಿತ್ತು. ನಮ್ಮ ತೋಟಗಳ ಜೀಪಿನ ಕತೆಯೂ ಹೀಗೇ, ಮಹೀಂದ್ರಾದವರು ಮೊದಲು ವಿಲ್ಲೀಸ್ ಭಾಗ ತರಿಸಿ ಜೋಡಿಸ್ತಿದ್ರು. ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯ್ತು, ಅಂದ್ರೆ ನಿಮ್ಮ ಕಾರು ನಮ್ಮೂರ ಲಾರಿಗಳಿಗೆ ದೊಡ್ಡಮ್ಮ!

ಆ ಪ್ಲೇಟ್ ಬಿಚ್ಚಬೇಡಿ, ಪಾಲಿಶೂ ಹಾಕಬೇಡಿ. ನಂಬರ್ ಓದೋಕೆ ಮೆತ್ತನೆ ಬಟ್ಟೆ ಸಾಕು.

ಬಿಡಿಭಾಗದ ವಿಷಯಕ್ಕೆ ಬಂದ್ರೆ, ಎಂಜಿನ್, ಗೇರ್‌ಬಾಕ್ಸ್ ಸಾಮಾನು ಇಂಗ್ಲೆಂಡಿನ ಡೆವನ್‌ದೇ ಕೂರುತ್ತೆ. ಆದ್ರೆ ಇಂಥ ಗಾಡಿಗಳಲ್ಲಿ ಟೈರು, ಬ್ಯಾಟರಿ, ಸೀಟಿನ ಬಟ್ಟೆ, ಬಣ್ಣ ಇಲ್ಲಿನವೇ ಇರಬಹುದು. ಗಾಜು, ರಬ್ಬರ್ ಬೀಡಿಂಗ್ ತರಿಸುವ ಮುಂಚೆ ಅಳತೆ ತಗೊಳ್ಳಿ. ಪುಸ್ತಕದ ಅಳತೆ ನಂಬ್ಕೊಂಡು ದುಡ್ಡು ಕಳಿಸ್ಬೇಡಿ.

ಇದು ಮುಖ್ಯ: ಡೆವನ್‌ನಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತೆ, ಮೈನಸ್ ಅಲ್ಲ. ನಾನು ಮಾವನ ಗಾಡಿಗೆ ಜೀಪಿನ ಅಭ್ಯಾಸದಲ್ಲಿ ಉಲ್ಟಾ ಕೊಟ್ಟೆ, ಡೈನಮೊ-ಬ್ಯಾಟರಿ ಮಧ್ಯೆ ಕರೆಂಟ್ ಕಡಿಯೋ ಕಟ್‌ಔಟ್‌ನ ಪಾಯಿಂಟ್ ಅಂಟಿಕೊಂಡು ಕರಕಲಾಯ್ತು. ಮಾವ ಆ ದಿನದ ಮಾತು ಇನ್ನೂ ಮರೆತಿಲ್ಲ. ಮತ್ತೆ, ಸೆಲ್ಫ್ ಒತ್ತಬೇಡಿ. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಎರಡೆರಡು ಚಮಚ ಆಯಿಲ್ ಬಿಡಿ. ಎರಡು ದಿನ ಬಿಟ್ಟು ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಬ್ರೇಕು ಮುಂದಿನದು ಆಯಿಲ್, ಹಿಂದಿನದು ರಾಡಿನದು. ಹಿಂದೆ ಪೈಪ್ ಹುಡುಕ್ತಾ ಕೂರಬೇಡಿ!

ಕಾಗದಪತ್ರ: 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ. ಹೊಸದಾಗಿ ಮಾಡಿಸಿದ್ರೆ ಶುಲ್ಕ 20,000 ರೂಪಾಯಿ, ನಂಬರ್‌ನಲ್ಲಿ ವಿಎ ಅಂತ ಬರುತ್ತೆ, ಹತ್ತು ವರ್ಷಕ್ಕೆ. ಹಳೇ ನಂಬರ್ ಇದ್ರೆ ಅದನ್ನೇ ಉಳಿಸ್ಕೊಳ್ಳೋಕೆ ಆಗುತ್ತೆ. ಆದ್ರೆ ಚಾಸಿ, ಎಂಜಿನ್, ಬಾಡಿ ತೀರಾ ಬದಲಾಯಿಸಿದ ಗಾಡಿಗೆ ಈ ವಿಂಟೇಜ್ ಲೆಕ್ಕ ಇಲ್ಲ. ಡೀಸೆಲ್ ಎಂಜಿನ್ ಕೂರಿಸಿ ಅಂತ ಯಾವ ಮೇಸ್ತ್ರಿ ಹೇಳಿದ್ರೂ ಬೇಡ ಅನ್ನಿ.

ಮಳೆ ನಿಂತ ಮೇಲೆ ಒಂದು ಭಾನುವಾರ ನಾನೇ ಬರ್ತೀನಿ. ಅಲ್ಲೀವರೆಗೆ ಟಾರ್ಪಾಲನ್ನ ಮೈಗೆ ತಾಗಿಸಿ ಹೊದಿಸಬೇಡಿ, ಒಳಗೆ ಬೆವರಿ ತುಕ್ಕು ಹಿಡಿಯುತ್ತೆ. ನಾಲ್ಕು ಬಿದಿರು ಕಟ್ಟಿ ಮೇಲೆ ಹಾಸಿ.