'ವ್ಯಾಪಿಡ್' ಎಂದರೆ ಎಂಥವರು?

ಚೀನೀ ಮಾತೃಭಾಷೆಯ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ: "'ವ್ಯಾಪಿಡ್' ಪದಕ್ಕೆ ಚೀನೀ ಭಾಷೆಯ 'ಫಾವೆಯ್' ಎಂದು ಅರ್ಥ ಹೇಳಿದೆ. ಒಬ್ಬರು ಸೂಪು ವ್ಯಾಪಿಡ್ ಎಂದು ಬರೆದರು, ಇನ್ನೊಬ್ಬರು ಗಣಿತದ ಪಾಠ ವ್ಯಾಪಿಡ್ ಎಂದರು. ಹೇಗೆ ತಿದ್ದಲಿ?"

ಮಾನ್ಯರೇ, ಆ ಒಂಟಿ ಅರ್ಥವೇ ಅವರನ್ನು ದಾರಿ ತಪ್ಪಿಸಿದೆ. 'ಫಾ' ಎಂದರೆ ಕೊರತೆ, 'ವೆಯ್' ಎಂದರೆ ರುಚಿ. ಬೇರಿನ ಮಟ್ಟಿಗೆ ಇದು ಹತ್ತಿರದ್ದೇ. ಲ್ಯಾಟಿನ್ನಿನ 'ವಾಪಿಡುಸ್' ಕಸುವು ಹಾರಿಹೋದ ದ್ರಾಕ್ಷಾರಸಕ್ಕೆ ಸಲ್ಲುತ್ತಿತ್ತು. ಅದರ ನಂಟಿನ 'ವಾಪ್ಪ' ಹಳಸಿದ ಮದ್ಯಕ್ಕೂ ಕೆಲಸಕ್ಕೆ ಬಾರದವನಿಗೂ ಹೆಸರಾಗಿತ್ತು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಪಾನೀಯಕ್ಕೆ ಬಳಸುತ್ತಿದ್ದರು. ಈಗ ಸಪ್ಪೆ ಊಟಕ್ಕೆ 'ಬ್ಲ್ಯಾಂಡ್' ಸಾಕು. ವ್ಯಾಪಿಡ್ ಎನಿಸಿಕೊಳ್ಳುವುದು ಹೆಚ್ಚಾಗಿ ಮನುಷ್ಯ, ಮಾತು, ನಗು.

ಗಣಿತದ ಪಾಠದ ತಪ್ಪು ಇನ್ನೂ ಸೂಕ್ಷ್ಮ. 'ಫಾವೆಯ್' ಎಂಬುದು ಕೇಳುವವನ ಬೇಸರವನ್ನು ಹೇಳುತ್ತದೆ; 'ವ್ಯಾಪಿಡ್' ಎಂಬುದು ಮಾತಾಡುವವನಲ್ಲೇ ಹುರುಳಿಲ್ಲ ಎನ್ನುತ್ತದೆ. ಗಣಿತದಲ್ಲಿ ಹುರುಳು ತುಂಬಿದ್ದರೂ ಬೇಸರ ಬರಬಹುದು. ಬುದ್ಧಿ ಮಂದವಾದವನಿಗೆ ಚೀನೀ ಭಾಷೆಯಲ್ಲಿ 'ಪನ್', ಅವಿವೇಕಿಗೆ 'ಯೂಛುನ್' ಇವೆ. ಅವೂ ಇಲ್ಲಿ ಸಲ್ಲವು, ಚುರುಕು ಬುದ್ಧಿಯವನೂ ವ್ಯಾಪಿಡ್ ಆಗಿರಬಲ್ಲ. ವ್ಯಕ್ತಿಯಾದರೆ 'ಛಿಯೆನ್‌ಪೊ', ಅಂದರೆ ಆಳವಿಲ್ಲದ, ತೆಳು. ಭಾಷಣ, ಬರಹವಾದರೆ 'ಖೊಂಗ್‌ತೊಂಗ್', ಅಂದರೆ ಟೊಳ್ಳು. ಎರಡನ್ನೂ ಒಟ್ಟಿಗೇ ಕೊಡಿ. ನಮಗೂ 'ಸಪ್ಪೆ' ಎನ್ನುವ ಆಸೆಯಾಗುತ್ತದೆ, ಆದರೆ ನಮ್ಮ ಸಪ್ಪೆ ಮೋರೆಯಲ್ಲಿ ದುಃಖವಿದೆ. 'ಟೊಳ್ಳು' ವಾಸಿ.

ವಾಕ್ಯದಲ್ಲಿ ಅವರು 'ಹೀ ವೆರಿ ವ್ಯಾಪಿಡ್' ಎಂದು ಬರೆದರೆ ಕಾರಣ ನಿಮಗೆ ಬೇಗ ಹೊಳೆಯಬೇಕು. 'ಅವನು ಬಹಳ ಟೊಳ್ಳು' ಎನ್ನುವಾಗ ನಮಗೆ ಕ್ರಿಯಾಪದ ಬೇಡ. 'ಥಾ ಹೆನ್ ಛಿಯೆನ್‌ಪೊ' ಎನ್ನುವಾಗ ಅವರಿಗೂ ಬೇಡ. ಅಲ್ಲಿನ 'ಹೆನ್' ಅರ್ಥಕ್ಕಿಂತ ವಾಕ್ಯ ನಿಲ್ಲಲು ಬರುವ ಊರುಗೋಲು. ಅದನ್ನು 'ವೆರಿ' ಎಂದು ಅನುವಾದಿಸಿ 'ಈಸ್' ಬಿಟ್ಟುಬಿಡುತ್ತಾರೆ. ಮೊದಲು 'ಹೀ ಈಸ್ ವ್ಯಾಪಿಡ್' ಗಟ್ಟಿಯಾಗಲಿ, 'ವೆರಿ' ಆಮೇಲೆ ನೋಡೋಣ.

ಉಚ್ಚಾರಣೆಗೆ ಸ್ವಲ್ಪ ಹೊತ್ತು ಕೊಡಿ. ಚೀನೀ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್‌ನಲ್ಲಿ 'ವಿ' ಅಕ್ಷರಕ್ಕೆ ಧ್ವನಿಯಿಲ್ಲ; ಕೀಲಿಮಣೆಯಲ್ಲಿ ಬೇರೊಂದು ಸ್ವರವನ್ನು ಒತ್ತಲಷ್ಟೇ ಅದು ಬೇಕು. ಹಾಗಾಗಿ 'ವ್ಯಾ' ಎನ್ನುವಾಗ ಅವರ ತುಟಿ ದುಂಡಾಗುತ್ತದೆ. ಮೇಲ್ಹಲ್ಲು ಕೆಳತುಟಿಗೆ ತಾಗಿಸಿ 2-3 ಸೆಕೆಂಡು ಗುಂಯ್‌ಗುಡಿಸಿ, ಆಮೇಲೆ ಪದ ಹೇಳಿಸಿ. ಒತ್ತು ಮೊದಲ ಭಾಗಕ್ಕೆ. ಅವರ ಪದಗಳು 'ಡ್'ನಲ್ಲಿ ಮುಗಿಯುವುದಿಲ್ಲವಾದ್ದರಿಂದ ಕೊನೆ ನುಂಗಿಹೋಗುತ್ತದೆ, ಇಲ್ಲವೇ 'ವ್ಯಾಪಿಡ' ಆಗುತ್ತದೆ. ಸ್ವರದಿಂದ ಶುರುವಾಗುವ ಪದವನ್ನು ಜೋಡಿಸಿ, 'ವ್ಯಾಪಿಡ್ ಆನ್ಸರ್' ಎಂದು ಹೇಳಿಸಿದರೆ 'ಡ್' ಮುಂದಿನ ಸ್ವರವನ್ನು ಹಿಡಿದು ನಿಲ್ಲುತ್ತದೆ. ಅದು ಕುದುರಿದ ಮೇಲೆ 'ವ್ಯಾಪಿಡ್ ಸ್ಮೈಲ್'.

ಇದು ಬರಹದ ಪದ, ಚುಚ್ಚುವ ಪದವೂ ಹೌದು. ಎದುರಿಗಿರುವವರಿಗೆ ಹೇಳುವುದು ಬೇಡವೆಂದು ಮೊದಲ ದಿನವೇ ತಿಳಿಸಿ. ಅಭ್ಯಾಸದ ವಾಕ್ಯಗಳನ್ನು ಜಾಹೀರಾತು, ಘೋಷಣೆಗಳ ಮೇಲೆ ಬರೆಸಿ.