ಮಳೆಗಾಲದ ಚಾರಣಕ್ಕೆ ಪ್ಯಾರಾಕಾರ್ಡ್ (ತೆಳುವಾದ, ಗಟ್ಟಿ ನೈಲಾನ್ ಹಗ್ಗ) ಒಯ್ದರೆ ಏನು ಉಪಯೋಗ?

ಉಡುಪಿಯಿಂದ ಕೊಡಚಾದ್ರಿ ಕಡೆ ಹೊರಟಿದ್ದರೆ ಖಂಡಿತ ಒಯ್ಯಿರಿ, 15 ಮೀಟರ್ ಸಾಕು. 550 ಎಂಬ ಗುರುತಿನದ್ದನ್ನೇ ಕೊಳ್ಳಿ: ಸುಮಾರು 4 ಮಿ.ಮೀ. ದಪ್ಪ, ನೈಲಾನ್ ಹೊದಿಕೆ, ತಡೆಯುವ ಭಾರ 550 ಪೌಂಡ್, ಅಂದರೆ ಹತ್ತಿರಹತ್ತಿರ 250 ಕೆ.ಜಿ. ಕೊಳ್ಳುವ ಮೊದಲು ತುದಿ ಬಿಡಿಸಿ ನೋಡಿ. ಒಳಗೆ ಹುರಿಗೊಳಿಸಿದ 7ರಿಂದ 9 ಎಳೆ ಇರಬೇಕು. ಬರೀ ನಾರು ತುಂಬಿದ್ದರೆ ಅದು ಅಲಂಕಾರದ ದಾರ, ಬಿಟ್ಟುಬಿಡಿ.

ಹೆಚ್ಚು ಒದಗುವುದು ಟರ್ಪಾಲು ಕಟ್ಟಲು. ಎರಡು ಮರಗಳ ನಡುವೆ ಎದೆಮಟ್ಟದಲ್ಲಿ ಹಗ್ಗ ಬಿಗಿದು ಟರ್ಪಾಲು ಹಾಸಿ, ಗಾಳಿ ಬರುವ ಕಡೆ ತಗ್ಗಿಸಿ. ನಮ್ಮ ಘಟ್ಟದ ಮಳೆಯಲ್ಲಿ ನೀರು ಹಗ್ಗದ ಗುಂಟವೇ ಒಳಗೆ ಇಳಿಯುತ್ತದೆ. ಟರ್ಪಾಲಿನ ಅಂಚಿನಿಂದ ಗೇಣು ದೂರದಲ್ಲಿ ಹಗ್ಗಕ್ಕೊಂದು ಬಟ್ಟೆಚೂರು ಕಟ್ಟಿ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಒದ್ದೆಯಾದ ನೈಲಾನ್ ಹಿಗ್ಗಿ ಟರ್ಪಾಲು ಜೋತುಬೀಳುತ್ತದೆ. ಆದ್ದರಿಂದ ಮತ್ತೆ ಎಳೆದು ಬಿಗಿಯಬಹುದಾದ ಜಾರುಗಂಟನ್ನೇ ಹಾಕಿ.

ಬ್ಯಾಗಿನ ಪಟ್ಟಿ ಕಿತ್ತರೆ ಒಳಗಿನ ಒಂದು ಎಳೆ ತೆಗೆದು ಹೊಲಿಯಬಹುದು. ಶೂ ಅಟ್ಟೆ ಬಿಟ್ಟರೆ ಇಡೀ ಹಗ್ಗವನ್ನೇ ಸುತ್ತಿ ಕಟ್ಟಿ.

ಕತ್ತರಿಸಿದ ತುದಿಯನ್ನು ಲೈಟರಿನಿಂದ ಕರಗಿಸಿ, ಆದರೆ ಬೆರಳಿನಿಂದ ಒತ್ತಬೇಡಿ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಸುಡುತ್ತದೆ.

ಇದನ್ನು ಹಿಡಿದು ಬಂಡೆ ಇಳಿಯುವುದು ಮಾತ್ರ ಬೇಡವೇ ಬೇಡ. ಆ 250 ಕೆ.ಜಿ. ಜಗ್ಗಿಲ್ಲದೆ ಸುಮ್ಮನೆ ತೂಗುವ ಭಾರದ ಲೆಕ್ಕ. ಗಂಟು ಹಾಕಿದಲ್ಲಿ ಬಲ ಕುಗ್ಗುತ್ತದೆ, ಜಾರಿಬಿದ್ದಾಗಿನ ಜಗ್ಗು ದೇಹದ ತೂಕದ ಎಷ್ಟೋ ಪಟ್ಟು ಇರುತ್ತದೆ.